ಎರಡು ಬರ್ಗರ್, ಒಂದು ಕೋಕ್: ಕ್ಯಾಲಿಫೋರ್ನಿಯಾದ ಹತ್ತು ಡಾಲರ್ ಕಾನೂನು

ದೀಪಾವಳಿ ಹತ್ತಿರ ಬಂದರೆ ಎಚ್‌ಆರ್‌ನಿಂದ ಒಂದು ಮೇಲ್ ಬರತ್ತಲ್ಲ, ವೆಂಡರ್ ಕೊಟ್ಟ ಡ್ರೈಫ್ರೂಟ್ಸ್ ಡಬ್ಬಿ ಇಷ್ಟು ರೂಪಾಯಿ ದಾಟಿದರೆ ಡಿಕ್ಲೇರ್ ಮಾಡಿ ಅಂತ. ಆ 'ಇಷ್ಟು' ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ಇವತ್ತಿನದು ಅಂಥ ಒಂದು ಸಂಖ್ಯೆಯ ಕಥೆ.

ಆರ್ಟಿ ಸ್ಯಾಮಿಶ್ ಅಂತ ಒಬ್ಬ ಲಾಬಿಯಿಸ್ಟ್ ಇದ್ದ. ಬಿಯರ್ ಕಂಪನಿ, ಕುದುರೆ ರೇಸು, ಸಾರಿಗೆಯವರ ಪರವಾಗಿ ಸ್ಯಾಕ್ರಮೆಂಟೊದ ಒಂದು ಹೋಟೆಲಿನಲ್ಲಿ ಕೂತೇ ಶಾಸನಸಭೆಯನ್ನ ನಡೆಸ್ತಿದ್ದ. 1949ರಲ್ಲಿ ಕೊಲಿಯರ್ಸ್ ಪತ್ರಿಕೆಗೆ ಪೋಸ್ ಕೊಟ್ಟ, ತೊಡೆ ಮೇಲೆ ಒಂದು ಮಾತಾಡೋ ಗೊಂಬೆ ಕೂರಿಸಿಕೊಂಡು! ಆ ಗೊಂಬೆಯೇ ಶಾಸನಸಭೆ ಅಂತ ಅರ್ಥ. ಗುಟ್ಟಾಗಿದ್ದಷ್ಟು ದಿನ ಯಾರಿಗೂ ತೊಂದರೆ ಇರಲಿಲ್ಲ, ಫೋಟೊ ಬಂದಮೇಲೆ ಮಾನ ಹೋಯ್ತು. ಲಾಬಿಯಿಸ್ಟುಗಳು ಹೆಸರು ನೋಂದಾಯಿಸಬೇಕು ಅನ್ನೋ ಕಾನೂನು ಬಂತು. ಸ್ಯಾಮಿಶ್ 1953ರಲ್ಲಿ ತೆರಿಗೆ ವಂಚನೆ ಕೇಸಲ್ಲಿ ಅಪರಾಧಿಯಾಗಿ ಜೈಲಿಗೆ ಹೋದ. ಊಟ, ಕುಡಿತದ ಬಿಲ್ಲು ಮಾತ್ರ ಲಾಬಿಯವರೇ ಕಟ್ಟುತ್ತಾ ಹೋದರು.

ನಿಜವಾದ ತಿರುವು 1974ರ ಜೂನ್. ವಾಟರ್‌ಗೇಟ್ ಬಿಸಿ ಇನ್ನೂ ಆರಿರಲಿಲ್ಲ. ಪ್ರಪೊಸಿಷನ್ 9 ಅನ್ನೋ ಪ್ರಸ್ತಾವ ನೇರವಾಗಿ ಜನರ ಮುಂದೆ ಬಂದು ಭಾರಿ ಬಹುಮತದಿಂದ ಗೆದ್ದಿತು. ಒಬ್ಬ ಲಾಬಿಯಿಸ್ಟ್ ಒಬ್ಬ ಅಧಿಕಾರಿಗೆ ತಿಂಗಳಿಗೆ ಹತ್ತು ಡಾಲರ್‌ಗಿಂತ ಹೆಚ್ಚು ಉಡುಗೊರೆ ಕೊಡೋ ಹಾಗಿಲ್ಲ. ಪ್ರಸ್ತಾವದ ಹಿಂದಿದ್ದ ಜೆರ್ರಿ ಬ್ರೌನ್ ಇದನ್ನ ಎರಡು ಹ್ಯಾಂಬರ್ಗರ್, ಒಂದು ಕೋಕ್ ಲೆಕ್ಕದಲ್ಲಿ ವಿವರಿಸ್ತಿದ್ದ. ಅದೇ ವರ್ಷ ಗವರ್ನರ್ ಚುನಾವಣೆಯನ್ನೂ ಗೆದ್ದ. (ಲೆಕ್ಕ ಹಿಡಿಸಿದ್ದು ಹೊಟ್ಟೆಗೆ ಹತ್ತಿರ ಇದ್ದದ್ದರಿಂದಲೇ ಇರಬೇಕು.)

ಕಾನೂನು ಒಂದು ಸಾಲು ಬರೆದರೆ, ಅದಕ್ಕೆ ಅರ್ಥ ಹೇಳೋ ನಿಯಮಗಳನ್ನ ಆಯೋಗ ಬರೀಬೇಕು. ಅದಕ್ಕೇ ಐದು ಜನರ ಒಂದು ಆಯೋಗವನ್ನೂ ಅದೇ ಪ್ರಸ್ತಾವ ಹುಟ್ಟುಹಾಕಿತ್ತು. ಯಾವುದು ಉಡುಗೊರೆ? ಬಳಸದೆ 30 ದಿನದೊಳಗೆ ವಾಪಸ್ ಕೊಟ್ಟರೆ ಅಲ್ಲ. ಮಾಹಿತಿ ಪುಸ್ತಕ ಅಲ್ಲ. ಹೀಗೆ ಪ್ರಶ್ನೆ ಬಂದಾಗಲೆಲ್ಲ ಒಂದೊಂದು ವಿನಾಯಿತಿ ಅಂಟಿಸಿ ಅಂಟಿಸಿ, ನಮ್ಮ ಹಳೇ ಕೋಡ್‌ಬೇಸಿನ ಥರಾನೇ ಆಯ್ತು. 2011ರಲ್ಲಿ ಆಯೋಗ ಉಡುಗೊರೆ ನಿಯಮಗಳನ್ನ ಪೂರ್ತಿ ಬಿಚ್ಚಿ ಮರುಜೋಡಿಸಿತು. ಪಕ್ಕದ ಮನೆಯವರ ಸಹಾಯ, ಹುಟ್ಟುಹಬ್ಬಕ್ಕೆ ಸರಿಸಮ ಕೊಟ್ಟು ತಗೊಳ್ಳೋದು, ಡೇಟಿಂಗ್‌ನಲ್ಲಿರೋರ ವಿನಿಮಯ, ಇವಕ್ಕೆಲ್ಲ ಜಾಗ ಮಾಡಿತು. ಕೇಳೋಕೆ ತಮಾಷೆ. ಆದ್ರೆ ಬರೆದಿಡದೇ ಹೋದರೆ ಪ್ರಾಮಾಣಿಕನಿಗೂ ಭಯ, ಚಾಲಾಕಿಗೆ ನೆಪ.

ತೂತು ಮಾತ್ರ ಬೇರೆ ಕಡೆ ಇತ್ತು. ಮನೆಯಲ್ಲಿ ನಡೆಸೋ ನಿಧಿಸಂಗ್ರಹಕ್ಕೆ 500 ಡಾಲರ್‌ವರೆಗಿನ ಖರ್ಚು ದೇಣಿಗೆಯಾಗಿ ಲೆಕ್ಕಕ್ಕಿರಲಿಲ್ಲ. ದುಬಾರಿ ವೈನು, ಚುಟ್ಟಾ ಇಟ್ಟು ರಾಜಕಾರಣಿಗಳಿಗಾಗಿ ತನ್ನ ಮನೆಯಲ್ಲೇ ಇಂಥ ಕೂಟ ನಡೆಸಿದ ಒಬ್ಬ ಲಾಬಿಯಿಸ್ಟ್ 2014ರಲ್ಲಿ 1,33,500 ಡಾಲರ್ ದಂಡ ಕಟ್ಟಿದ. ಅದೇ ವರ್ಷ ಶಾಸನಸಭೆ ಲಾಬಿಯಿಸ್ಟರಿಗೆ ಆ ಬಾಗಿಲನ್ನ ಮುಚ್ಚಿತು.

ಉಳಿದವರು ಕೊಡೋ ಉಡುಗೊರೆಯ ಮಿತಿ ಹಣದುಬ್ಬರಕ್ಕೆ ತಕ್ಕ ಹಾಗೆ ಏರುತ್ತಾ ಬಂದಿದೆ. ಲಾಬಿಯಿಸ್ಟಿನ ಹತ್ತು ಡಾಲರ್ ಮಾತ್ರ 1974ರಲ್ಲಿ ಎಲ್ಲಿತ್ತೋ ಅಲ್ಲೇ ಇದೆ. ಏರಿಸಿದ್ರೆ ಇವತ್ತಿಗೆ 60 ದಾಟ್ತಿತ್ತು. ಎರಡು ಬರ್ಗರ್ ಬಿಡಿ, ಈಗ ಅದಕ್ಕೆ ಒಂದು ಸಿಕ್ಕರೆ ದೊಡ್ಡದು.