ತೂಗುವ ಟರ್ನ್‌ಟೇಬಲ್ಲೂ ಕರಾವಳಿಯ ಮಳೆಗಾಲವೂ

ಕುಂದಾಪುರದ ಸಮೀಪದ ಗುಲ್ವಾಡಿಯೆಂದೊಡನೆ ಕನ್ನಡ ಓದುಗರಿಗೆ ನೆನಪಾಗುವುದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಎಣಿಸಲ್ಪಡುವ ಆ ಗ್ರಂಥವು 1899ರಲ್ಲಿ ಅಚ್ಚಾಯಿತು. ಅದಾದ ಮೂರೇ ವರ್ಷಗಳಿಗೆ, 1902ರ ನವೆಂಬರಿನಲ್ಲಿ, ಫ್ರೆಡ್ ಗೈಸ್‌ಬರ್ಗ್ ಎಂಬವರು ಕಲಕತ್ತೆಯಲ್ಲಿ ಗೌಹರ್ ಜಾನರ ಹಾಡನ್ನು ಮುದ್ರಿಸಿಕೊಂಡರು. ಆ ಗಾಯಕಿಯು ಮುಂದೆ ಮೈಸೂರಿನ ಆಸ್ಥಾನವನ್ನು ಸೇರಿ, 1930ರಲ್ಲಿ ಮೈಸೂರಿನಲ್ಲಿಯೇ ಕಾಲವಾದರು. ಅಚ್ಚಾದ ಗ್ರಂಥವನ್ನು ಓದಲು ಕಣ್ಣೂ ಬೆಳಕೂ ಇದ್ದರೆ ಸಾಕು. ಮುದ್ರಿತವಾದ ಕಂಠವನ್ನು ಕೇಳಬೇಕಾದರೆ ನಡುವೆ ಒಂದು ಯಂತ್ರವು ಬೇಕು. ಯಂತ್ರವು ಕೆಟ್ಟರೆ ಕಂಠವು ಮೂಕವಾಗುವುದು. ಯಂತ್ರವನ್ನು ತಪ್ಪಾಗಿ ನಡೆಸಿದರೆ ಕಂಠವೇ ಸವೆದುಹೋಗುವುದು. ಆದುದರಿಂದ ಯಂತ್ರದ ಚರಿತ್ರೆಯೂ ಸಂಗೀತದ ಚರಿತ್ರೆಯ ಒಂದು ಭಾಗವೆಂದೇ ನಾವು ಎಣಿಸಬೇಕು.

ಎಡಿಸನ್ನರ ಫೋನೋಗ್ರಾಫು 1877ರದು. ಬರ್ಲಿನರರ ಚಪ್ಪಟೆ ತಟ್ಟೆಯು 1887ರದು. ಬಳಿಕ ಬಹುಕಾಲ ರಾಜ್ಯವಾಳಿದ್ದು ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆ. ಅದರ ಮೇಲೆ ಉಕ್ಕಿನ ಮುಳ್ಳು ನೂರು ಗ್ರಾಮಿಗೂ ಮಿಕ್ಕ ಭಾರದಿಂದ ಓಡುತ್ತಿತ್ತು. ತಟ್ಟೆಯ ಕೊರೆತದ ಸದ್ದೇ ಅಷ್ಟಿದ್ದಾಗ ಯಂತ್ರದ ಗುರುಗುಟ್ಟುವಿಕೆಯನ್ನು ಕೇಳುವವರಾರು? 1948ರಲ್ಲಿ ಅಮೆರಿಕೆಯ ಕೊಲಂಬಿಯಾ ಸಂಸ್ಥೆಯು ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೆಯ ಒಂದು ಸುತ್ತಿನ ದೀರ್ಘ ಮುದ್ರಿಕೆಯನ್ನು ಹೊರತಂದಿತು. 1958ರ ಹೊತ್ತಿಗೆ ಸ್ಟೀರಿಯೋ ಮುದ್ರಿಕೆಯೂ ಅಂಗಡಿಗೆ ಬಂತು. ಹಿಂದಿನ ಮುಳ್ಳು ಅಡ್ಡಲಾಗಿ ಆಡುವ ಚಲನೆಯನ್ನು ಮಾತ್ರ ಓದುತ್ತಿತ್ತು. ಹೊಸದು ಮೇಲೆ ಕೆಳಗೆ ಆಡುವುದನ್ನೂ ಓದಿತು. ಯಂತ್ರದ ನಡುಕವು ಬಹುಮಟ್ಟಿಗೆ ಮೇಲೆ ಕೆಳಗೆ ಆಡುವಂಥದೇ. ಹೀಗೆ ಅದುವರೆಗೆ ಅಡಗಿದ್ದ ಮೋಟಾರಿನ ಸದ್ದು ಸಂಗೀತದೊಳಕ್ಕೆ ನುಸುಳಿತು.

ಇದಕ್ಕೆ ಪರಿಹಾರವಾಗಿ ಬಂದದ್ದೇ ತೂಗುವ ಟರ್ನ್‌ಟೇಬಲ್. 1961ರಲ್ಲಿ ಎಡ್ಗರ್ ವಿಲ್ಚರರ ಎಆರ್ ಸಂಸ್ಥೆಯು ತಿರುಗುವ ತಟ್ಟೆಯನ್ನೂ ಮುಳ್ಳಿನ ತೋಳನ್ನೂ ಒಂದೇ ಮಣೆಗೆ ಬಿಗಿದು, ಆ ಮಣೆಯನ್ನು ಮೂರು ಸ್ಪ್ರಿಂಗುಗಳಿಂದ ತೂಗಹಾಕಿತು. ಮೋಟಾರು ಹೊರಪೆಟ್ಟಿಗೆಗೆ ಸೇರಿಕೊಂಡಿತು. ಎರಡಕ್ಕೂ ಸಂಬಂಧವೆಂದರೆ ಒಂದು ರಬ್ಬರಿನ ಪಟ್ಟಿ ಮಾತ್ರ. ನಮ್ಮ ಮನೆಗಳ ತೊಟ್ಟಿಲನ್ನು ನೆನೆದರೆ ತತ್ತ್ವವು ತಿಳಿಯುವುದು: ಅಂಗಳದಲ್ಲಿ ಒನಕೆ ಬಿದ್ದರೂ ತೊಲೆಯಿಂದ ತೂಗುವ ಮಗುವಿಗೆ ಅದರ ಪೆಟ್ಟು ತಗಲದು. ಸ್ವಿಟ್ಜರ್ಲೆಂಡಿನ ಥೋರೆನ್ಸ್ ಸಂಸ್ಥೆಯ ಟಿಡಿ-150, 1970ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನಿಂದ ಬಂದ ಲಿನ್ ಸೊಂಡೆಕ್, ಇವೆರಡೂ ಇದೇ ಮನೆತನದವು.

ಆದರೆ ತೊಟ್ಟಿಲಿಗೂ ಒಂದು ದೋಷವುಂಟು. ಅದು ತನ್ನ ಲಯಕ್ಕೆ ಹೊಂದುವ ತೂಗಾಟಕ್ಕೆ ಬಲುಬೇಗ ಒಲಿಯುವುದು. ಈ ಮಣೆಯು ಸೆಕೆಂಡಿಗೆ ಸುಮಾರು ನಾಲ್ಕೈದು ಬಾರಿ ಆಡುವಂಥದು. ಉಪ್ಪರಿಗೆಯ ಹಲಗೆಯ ನೆಲವು ನಡೆದಾಡಿದರೆ ಕುಲುಕುವ ಲಯವು ಅದಕ್ಕೆ ದೂರವಿಲ್ಲ. ಮೋಟಾರಿನ ನಡುಕಕ್ಕೆ ಅಂಜದ ಯಂತ್ರವು ಮನುಷ್ಯನ ಹೆಜ್ಜೆಗೆ ಬೆದರಿ ಮುಳ್ಳನ್ನು ಹಾರಿಸುವುದು ಇದರಿಂದಲೇ. ಮುರಕಲ್ಲಿನ ಗೋಡೆಗೆ ಬಿಗಿದ ಹಗುರವಾದ ಹಲಗೆಯ ಮೇಲೆ ಇಟ್ಟರೆ ತೊಂದರೆಯು ಬಹುಮಟ್ಟಿಗೆ ನೀಗುವುದು.

ಮೊದಲು ಪೆಟ್ಟಿಗೆಯನ್ನು ರಸಮಟ್ಟವಿಟ್ಟು ಸಮಮಾಡಬೇಕು. ಆಮೇಲೆ ಸ್ಪ್ರಿಂಗುಗಳ ತಿರುಪುಗಳನ್ನು ಸರಿಪಡಿಸಿ, ಮಣೆಯನ್ನು ಮೆಲ್ಲನೆ ಅದುಮಿ ಬಿಟ್ಟರೆ ಅದು ನೆಟ್ಟಗೆ ಮೇಲೆ ಕೆಳಗೆ ಆಡಬೇಕು, ಪಕ್ಕಕ್ಕೆ ಹೊಯ್ದಾಡಬಾರದು. ತೋಳಿನಿಂದ ಹೊರಡುವ ತಂತಿಯು ಬಿಗಿಯಾಗಿದ್ದರೂ ಹೊಯ್ದಾಟವುಂಟಾಗುವುದು. ರಬ್ಬರಿನ ಪಟ್ಟಿಯು ಸಡಿಲಗೊಂಡು ನುಣುಪಾಗಿದ್ದರೆ ಸುತ್ತಿನ ವೇಗವು ತಪ್ಪಿ ಶ್ರುತಿಯೂ ತಪ್ಪುವುದು. ಹೊಸದನ್ನು ಹಾಕುವುದೇ ಮೇಲು. ಕದಿರು ತಿರುಗುವ ಕುಳಿಯಿಂದ ಹಳೆಯ ಜಿಡ್ಡನ್ನು ಒರಸಿ, ಅದಕ್ಕೆಂದೇ ತಯಾರಾದ ತೆಳುವಾದ ಯಂತ್ರದೆಣ್ಣೆಯನ್ನು ಕೆಲವೇ ಹನಿ ಬಿಡಬೇಕು. ಕೈಗೆ ಸುಲಭವಾಗಿ ಸಿಕ್ಕಿತೆಂದು ತೆಂಗಿನೆಣ್ಣೆಯನ್ನು ಹಾಕಲಾಗದು. ಮಾರ್ಗಶಿರದ ಚಳಿಗೆ ಅದು ಹೆಪ್ಪುಗಟ್ಟುವುದು, ಕಾಲಕ್ರಮದಲ್ಲಿ ಅಂಟಾಗುವುದು. ಯಂತ್ರವನ್ನು ಬೇರೆಡೆಗೆ ಒಯ್ಯುವಾಗ ತಟ್ಟೆಯನ್ನು ಬಿಚ್ಚಿ, ತೋಳನ್ನು ಕಟ್ಟಿ, ಮಣೆಯು ಆಡದಂತೆ ಬಿಗಿಯುವುದು ಅವಶ್ಯ.

ಗುಲ್ವಾಡಿಯಂಥ ಊರಿನಲ್ಲಿ ಇದಕ್ಕಿಂತ ದೊಡ್ಡ ವೈರಿಯು ಮಳೆಗಾಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಈ ಕರಾವಳಿಯಲ್ಲಿ ಉಕ್ಕಿನ ಸ್ಪ್ರಿಂಗು ತುಕ್ಕು ಹಿಡಿಯುವುದು, ಮುದ್ರಿಕೆಯ ಗೆರೆಗಳಲ್ಲಿ ಬೂಷ್ಟು ಬೆಳೆಯುವುದು. ಮುದ್ರಿಕೆಗಳನ್ನು ಹೊರಗೋಡೆಗೆ ತಾಗಿಸದೆ ನೇರವಾಗಿ ನಿಲ್ಲಿಸಿಡಬೇಕು. ವಾರಕ್ಕೊಮ್ಮೆಯಾದರೂ ಯಂತ್ರವನ್ನು ತಿರುಗಿಸಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ. ಭಾರತದಲ್ಲಿ 78 ಸುತ್ತಿನ ತಟ್ಟೆಗಳು 1960ರ ದಶಕದಲ್ಲಿಯೂ ತಯಾರಾಗುತ್ತಿದ್ದುದರಿಂದ ಹಳೆಯ ಮನೆಗಳ ಪೆಟಾರಿಯಲ್ಲಿ ಎರಡು ಬಗೆಯವೂ ಬೆರೆತಿರುವುವು. ಅರಗಿನ ತಟ್ಟೆಯ ಗೆರೆಯು ಅಗಲವಾದುದು. ಅದಕ್ಕೆ ಬೇಕಾದ ಮುಳ್ಳಿನ ಮೊನೆಯು ದೀರ್ಘ ಮುದ್ರಿಕೆಯದಕ್ಕಿಂತ ಸುಮಾರು ಮೂರು ಪಾಲು ದಪ್ಪ. ಎಆರ್, ಟಿಡಿ-150 ಮುಂತಾದವು 33 ಮತ್ತು 45ರ ವೇಗಕ್ಕೆ ಮಾತ್ರ ಮಾಡಿದವು. ಅವುಗಳ ಮೇಲೆ ಅರಗಿನ ತಟ್ಟೆಯನ್ನು ಇಡಲಾಗದು. ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ದೀರ್ಘ ಮುದ್ರಿಕೆಗೆ ತಗಲಿಸಿದರಂತೂ ಒಂದೇ ಸುತ್ತಿಗೆ ಅದು ಹಾಳು. ತೊಳೆಯುವಾಗಲೂ ಭೇದವುಂಟು: ಮದ್ಯಸಾರ ತಾಗಿದರೆ ಅರಗು ಕರಗಿಹೋಗುವುದು.

ಇಷ್ಟೊಂದು ಶ್ರಮವೇಕೆಂದು ಕೇಳುವವರುಂಟು. ಗುಲ್ವಾಡಿಗೆ ದಕ್ಷಿಣದಲ್ಲಿ, ಇದೇ ಕರಾವಳಿಯ ಆರೂರಿನಲ್ಲಿ 1914ರಲ್ಲಿ ಜನಿಸಿದ ಪಿ. ಕಾಳಿಂಗರಾಯರು ಕನ್ನಡ ಕವಿಗಳ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿದುದು ಬಹುಮಟ್ಟಿಗೆ ಈ ತಟ್ಟೆಗಳ ಮೂಲಕವೇ. 1981ರಲ್ಲಿ ಅವರು ತೀರಿಕೊಂಡರು. ಅಂಥವರ ಕಂಠವು ಗೆರೆಗಳಲ್ಲಿ ಉಳಿದಿದೆ. ಮೂಲವು ಸವೆದ ಮೇಲೆ ಎಷ್ಟು ಪ್ರತಿಗಳನ್ನು ತೆಗೆದರೂ ಅವು ಸವೆದುದರ ಪ್ರತಿಗಳೇ. ಪೆಟಾರಿಯನ್ನು ತೆರೆಯುವವರು ಮೊದಲು ತಟ್ಟೆಯ ಜಾತಿಯನ್ನು ತಿಳಿದು, ಬೂಷ್ಟನ್ನು ಒರಸಿ, ಮುಳ್ಳನ್ನು ನೋಡಿಕೊಂಡು, ಅನಂತರ ತೋಳನ್ನು ಇಳಿಸಲಿ.