ಕಾರಿನ ನಾಯಿವಾಸನೆ, ನಮ್ಮೂರ ಚಿಪ್ಪು

ವೀಕೆಂಡ್ ಟ್ರಿಪ್ಪಿಗೆ ನಾಯೀನೂ ಕರ್ಕೊಂಡು ಹೋಗಿ ಬಂದ್ಮೇಲೆ ಕಾರಿನೊಳಗೆ ಉಳಿಯುವ ವಾಸನೆಗೆ ಎಲ್ಲರೂ ಹೇಳುವ ಮದ್ದು ಆಕ್ಟಿವೇಟೆಡ್ ಚಾರ್ಕೋಲ್ ಚೀಲ. ಬಿದಿರಿನದ್ದೂ ಸಿಗುತ್ತೆ, ತೆಂಗಿನ ಚಿಪ್ಪಿನದ್ದೂ ಸಿಗುತ್ತೆ. ಚಿಪ್ಪಿನ ಇದ್ದಿಲಿಗೆ ಹೆಸರು ಬಂದಿದ್ದು ಯುದ್ಧದಿಂದ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲ ಬಿಟ್ಟಿತು. ಆಮೇಲೆ ಗ್ಯಾಸ್ ಮಾಸ್ಕಿಗೆ ಒಳ್ಳೆ ಇದ್ದಿಲು ಹುಡುಕುವ ಓಟ ಶುರುವಾಯ್ತು. ರಷ್ಯಾದ ಜೆಲಿನ್‌ಸ್ಕಿ ಮರದ ಇದ್ದಿಲು ಬಳಸಿದ. ಅಮೆರಿಕದವರು ತೆಂಗಿನ ಚಿಪ್ಪಿಗೆ ಬಂದರು. ಅದು ಸಾಲದೆ 1918ರಲ್ಲಿ ಜನರಿಂದ ಪೀಚ್ ಹಣ್ಣಿನ ಗೊರಟನ್ನೂ ಕೇಳಿ ಸಂಗ್ರಹಿಸಿದರು.

ಚಿಪ್ಪು ಗಟ್ಟಿ, ಅದರ ಇದ್ದಿಲಿನ ರಂಧ್ರ ಬಲು ಸಣ್ಣ. ಸುಮಾರು 900 ಡಿಗ್ರಿಯಲ್ಲಿ ಹಬೆ ಹಾಯಿಸಿದರೆ ಒಂದು ಗ್ರಾಂನೊಳಗೇ ಸುಮಾರು 1000 ಚದರ ಮೀಟರ್ ಮೇಲ್ಮೈ. ವಾಸನೆಯ ಕಣ ಅಲ್ಲಿ ಹೋಗಿ ಅಂಟ್ಕೊಳ್ಳುತ್ತೆ. ಆದ್ರೆ ನಾಯಿ ಸೀಟಿನ ಮೇಲೆ ಉಚ್ಚೆ ಹೊಯ್ದಿದ್ರೆ ಮೊದಲು ತೊಳೀರಿ. ಅಮೋನಿಯಾವನ್ನು ಬರೀ ಇದ್ದಿಲು ಅಷ್ಟಾಗಿ ಹಿಡಿಯಲ್ಲ.

ಇಂಥ ಚಿಪ್ಪು ನಮ್ಮ ಕಡೆ ಏನಾಗುತ್ತೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು ಉಂಡೆ ಕೊಬ್ಬರಿ ಆಗುತ್ತೆ. ಮಾತೆಲ್ಲಾ ಕೊಬ್ಬರಿ ರೇಟಿನದು. ಚಿಪ್ಪು ನೀರೊಲೆಗೆ, ಇಲ್ಲಾ ಇದ್ದಿಲು ಸುಡುವವರಿಗೆ. ಗುಂಡೀಲಿ ಸುಟ್ಟರೆ ದಟ್ಟ ಹೊಗೆ ಅಕ್ಕಪಕ್ಕದ ಮನೆ, ತೋಟಕ್ಕೆ. ಹೊಗೆಯನ್ನೂ ಒಳಗೇ ಉರಿಸಿಬಿಡುವ ಮುಚ್ಚಿದ ಕುಲುಮೆಗಳಿವೆ, ಖರ್ಚು ಜಾಸ್ತಿ. ನಿಮ್ಮ ಕಾರಿನ ವಾಸನೆ ಹೋಗೋಕೆ ಹಳ್ಳೀಲಿ ಯಾರೋ ಕೆಮ್ಮಬಾರದು ಅಂದ್ರೆ, ಚೀಲದ ಬೆಲೆಯಲ್ಲಿ ಆ ಖರ್ಚೂ ಸೇರಬೇಕು ಅನ್ನೋದು ನನ್ನ ಲೆಕ್ಕ.