ಕೂಗಾಡೋರಿಗೆ ಮೊದಲು ಕೊಟ್ಟು ಕೆಟ್ಟೆವು: ಸಾಲ, ಬಡ್ಡಿ ಮತ್ತು ಒಂದು ಮನೆಯ ಲೆಕ್ಕ

2021ರಲ್ಲಿ ಒಂದು ದಿನ ನನ್ನ ಫೋನಿನಲ್ಲಿದ್ದ ಹೆಚ್ಚೂಕಮ್ಮಿ ಎಲ್ಲ ನಂಬರ್‌ಗಳಿಗೂ ಒಂದು ಮೆಸೇಜ್ ಹೋಯಿತು. ನಾನು ಸಾಲ ತಗೊಂಡು ತಲೆಮರೆಸಿಕೊಂಡಿದ್ದೇನೆ ಅಂತ. ಹೈಸ್ಕೂಲಿನ ಗಣಿತದ ಮೇಷ್ಟ್ರಿಗೂ ಹೋಗಿತ್ತು. ಸಾಲ ಎಷ್ಟು? 5,000 ರೂಪಾಯಿ. ಒಂದು ಲೋನ್ ಆ್ಯಪ್‌ನಿಂದ ನನ್ನ ಖಾತೆಗೆ ಬಂದಿದ್ದು 3,200, ಏಳು ದಿನದಲ್ಲಿ ಕಟ್ಟಬೇಕಿದ್ದದ್ದು 5,000. ವಾರಕ್ಕೆ ಶೇ. 56ರ ಬಡ್ಡಿ.

ಅವತ್ತು ಸಂಜೆಯೇ ಕಟ್ಟಿದೆ. ಎಲ್ಲಿಂದ ತಂದೆ ಅಂದರೆ, ಊರಲ್ಲಿ ಅವ್ವನ ಸಂಘದ ಕಂತಿಗೆ ಅಂತ ಎತ್ತಿಟ್ಟಿದ್ದ ದುಡ್ಡಿನಿಂದ. ಮರುದಿನ ಚಾಮರಾಜನಗರ ಜಿಲ್ಲೆಯ ನಮ್ಮೂರಲ್ಲಿ ಅವ್ವನ ಗುಂಪಿನ ಹೆಣ್ಣುಮಕ್ಕಳು ಮಧ್ಯಾಹ್ನದ ತನಕ ಕಾದು ಕೂತು, ಕೊನೆಗೆ ತಮ್ಮ ತಮ್ಮ ಸೀರೆಯ ಗಂಟು ಬಿಚ್ಚಿ ಅವ್ವನ ಪಾಲನ್ನೂ ತುಂಬಿದರು. ಗುಂಪು ಸಾಲ ಅಂದ್ರೆ ಹಾಗೇ, ಒಬ್ಬರು ತಪ್ಪಿದರೆ ಮಿಕ್ಕವರು ಹೊರಬೇಕು. ಜೋರಾಗಿ ಕೂಗಾಡಿದ ಆ್ಯಪ್‌ನವನಿಗೆ ನಾನು ಹೆದರಿದೆ. ಸುಮ್ಮನೆ ಕೂತಿದ್ದವರು ನನ್ನ ಹೆದರಿಕೆಯ ಬೆಲೆ ಕಟ್ಟಿದರು.

ಸಾಲದಲ್ಲಿ ಮುಳುಗಿದ ಮನೆಗಳನ್ನು ಆಮೇಲೆ ವರದಿಗಾರನಾಗಿ ಸಾಕಷ್ಟು ನೋಡಿದೆ. ಎಲ್ಲ ಕಡೆ ಇದೇ ಕಥೆ. ಯಾವ ಸಾಲವನ್ನು ಮೊದಲು ತೀರಿಸಬೇಕು ಅಂತ ತೀರ್ಮಾನ ಮಾಡೋದು ಮನೆಯವರಲ್ಲ, ಬಾಗಿಲಲ್ಲಿ ನಿಂತು ಕೂಗೋನು. ಆ ತೀರ್ಮಾನವನ್ನು ವಾಪಸ್ ಮನೆಯೊಳಗೆ ತರೋದು ಹೇಗೆ ಅನ್ನೋದಷ್ಟೇ ಈ ಲೇಖನ.

ಮೊದಲು ಎಲ್ಲವನ್ನೂ ಒಂದು ಹಾಳೆಗೆ ತನ್ನಿ

ನಮ್ಮ ಹಾಳೆ ಹೀಗಿತ್ತು. 2019ರಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದಮೇಲೆ ಕೈಗೆ ಸಿಗುತ್ತಿದ್ದದ್ದು ತಿಂಗಳಿಗೆ 38,000. ಅಪ್ಪನ ಆಪರೇಷನ್‌ಗೆ ತಗೊಂಡ ಮೂರೂವರೆ ಲಕ್ಷದ ಪರ್ಸನಲ್ ಲೋನಿನ ಇಎಂಐ ಹತ್ತಿರಹತ್ತಿರ 12,000. ಕ್ರೆಡಿಟ್ ಕಾರ್ಡಿನಲ್ಲಿ 1,40,000 ಬಾಕಿ, ಅದರ 'ಮಿನಿಮಮ್ ಡ್ಯೂ' 7,000. ಅವ್ವನ ಸಂಘದ ಕಂತು 2,600, ಅವಳೇ ಪಟ್ಟಣದ ಫೈನಾನ್ಸಿನಲ್ಲಿ ತಗೊಂಡ ಇನ್ನೊಂದು ಸಾಲದ ಕಂತು ಸುಮಾರು ಅಷ್ಟೇ. ಬೆಂಗಳೂರಿನ ಬಾಡಿಗೆ 9,000. ಉಳಿಯೋದು 4,800. ಅದರಲ್ಲಿ ಊಟ, ಬಸ್ಸು, ಅಪ್ಪನ ಮಾತ್ರೆ. ಗೆಳೆಯನ ಹತ್ತಿರ 40,000 ಕೈಸಾಲ ಬೇರೆ.

ಈ ಹಾಳೆ ಬರೆಯೋ ತನಕ ನನಗೆ ನಾನೊಬ್ಬ ದುಂದುಗಾರ ಅನ್ನೋ ಅಪರಾಧಿ ಭಾವ ಇತ್ತು. ಬರೆದಮೇಲೆ ಗೊತ್ತಾಯಿತು, ಇದು ಕಾಫಿ ಬಿಟ್ಟರೆ ಸರಿಹೋಗೋ ಲೆಕ್ಕವೇ ಅಲ್ಲ. ಪ್ರತಿ ತಿಂಗಳೂ ಹೊಸ ಸಾಲ ಹುಟ್ಟಲೇಬೇಕಾದ ಗಣಿತ ಅದು. ಅವ್ವ ಅದನ್ನೇ ಮಾಡುತ್ತಿದ್ದಳು. "ಅಲ್ಲಿಂದ ಈಸ್ಕಂಡು ಇಲ್ಲಿಗೆ ಕಟ್ಬುಟ್ಟೆ ಕಣಪ್ಪ, ಇನ್ನೇನ್ ಮಾಡನ?"

ಬಡ್ಡಿಗೆ ಒಂದೇ ಭಾಷೆ ಕಲಿಸಿ

ಸಾಲ ಕೊಡುವವರು ಬಡ್ಡಿಯನ್ನು ಬೇರೆಬೇರೆ ಭಾಷೆಯಲ್ಲಿ ಹೇಳುತ್ತಾರೆ. ಊರಲ್ಲಿ 'ಐದು ರೂಪಾಯಿ ಬಡ್ಡಿ' ಅಂದರೆ ನೂರಕ್ಕೆ ತಿಂಗಳಿಗೆ ಐದು, ವರ್ಷಕ್ಕೆ ಶೇ. 60. ಕಾರ್ಡಿನವರು 'ತಿಂಗಳಿಗೆ 3.5' ಅಂತಾರೆ. ಅದು ವರ್ಷಕ್ಕೆ 42, ಬಡ್ಡಿಯ ಮೇಲಿನ ಜಿಎಸ್‌ಟಿ ಸೇರಿಸಿದರೆ 49 ದಾಟುತ್ತದೆ. ನಾನು ಕಟ್ಟುತ್ತಿದ್ದ 7,000ದಲ್ಲಿ 5,782 ರೂಪಾಯಿ ಬಡ್ಡಿ ಮತ್ತು ತೆರಿಗೆಗೇ ಹೋಗುತ್ತಿತ್ತು, ಅಸಲಿಗೆ ಇಳಿಯುತ್ತಿದ್ದದ್ದು 1,218. ಪೂರ್ತಿ ಬಿಲ್ ಕಟ್ಟದಿದ್ದರೆ ಹೊಸದಾಗಿ ಉಜ್ಜಿದ ದುಡ್ಡಿಗೂ ಖರೀದಿ ದಿನದಿಂದಲೇ ಬಡ್ಡಿ ಓಡುತ್ತದೆ ಅನ್ನೋದು ಆಗ ನನಗೆ ಗೊತ್ತೇ ಇರಲಿಲ್ಲ.

ಎಲ್ಲಕ್ಕಿಂತ ಮೋಸದ ಭಾಷೆ ಫ್ಲಾಟ್ ಬಡ್ಡಿಯದ್ದು. ಅವ್ವನಿಗೆ ಫೈನಾನ್ಸಿನವರು ಹೇಳಿದ್ದು "ನೂರಕ್ಕೆ ಒಂದೇ ರೂಪಾಯಿ ಕಣಕ್ಕ" ಅಂತ. 50,000ಕ್ಕೆ ಎರಡು ವರ್ಷಕ್ಕೆ 12,000 ಬಡ್ಡಿ, ಒಟ್ಟು 62,000, ತಿಂಗಳಿಗೆ 2,583. ಕೇಳೋಕೆ ವರ್ಷಕ್ಕೆ ಶೇ. 12. ಆದರೆ ತಿಂಗಳು ತಿಂಗಳೂ ಅಸಲು ಕರಗುತ್ತಿದ್ದರೂ ಬಡ್ಡಿ ಮಾತ್ರ ಪೂರ್ತಿ ಐವತ್ತು ಸಾವಿರಕ್ಕೇ ಬೀಳುತ್ತಿದೆ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದು ಸುಮಾರು ಶೇ. 21.5. ಎಕ್ಸೆಲ್‌ನಲ್ಲಿ 'ರೇಟ್' ಅನ್ನೋ ಫಾರ್ಮುಲಾ ಇದೆ, ಒಂದು ನಿಮಿಷದ ಕೆಲಸ. ಇಂಜಿನಿಯರಿಂಗ್‌ನಲ್ಲಿ ನಾಲ್ಕು ಸೆಮಿಸ್ಟರ್ ಗಣಿತ ಓದಿದ ನನಗೆ ಇದು ಹೊಳೆದದ್ದು ಎರಡು ವರ್ಷ ಕಂತು ಕಟ್ಟಿದ ಮನೆಯವನಾಗಿ, ಅದೂ ತಡವಾಗಿ.

ಈಗ ಸ್ವಲ್ಪ ಅನುಕೂಲವಿದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕ್ ಮತ್ತು ಎನ್‌ಬಿಎಫ್‌ಸಿಗಳು ರಿಟೇಲ್ ಸಾಲಗಳಿಗೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೊಡಲೇಬೇಕು. ಅದರಲ್ಲಿ ಶುಲ್ಕಗಳೂ ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ಇರುತ್ತದೆ. ಬೇರೆ ಯಾವ ಸಂಖ್ಯೆಯನ್ನೂ ನಂಬಬೇಡಿ, ಅದೊಂದನ್ನು ನೋಡಿ.

ಯಾವುದು ಮೊದಲು?

ಪುಸ್ತಕದ ಉತ್ತರ ಸುಲಭ: ಹೆಚ್ಚು ಬಡ್ಡಿಯದ್ದು ಮೊದಲು. ನಮ್ಮ ಮನೆಯಲ್ಲಿ ಅದಕ್ಕೊಂದು ಅಪವಾದ ಮಾಡಿಕೊಂಡೆವು. ಸಂಘದ ಕಂತು ಯಾವ ಕಾರಣಕ್ಕೂ ತಪ್ಪಬಾರದು. ಅದರ ಬಡ್ಡಿ ಕಾರ್ಡಿಗಿಂತ ಕಮ್ಮಿಯೇ, ಆದರೆ ಅಲ್ಲಿ ಪಕ್ಕದ ಮನೆಯವರ ಅನ್ನ ಇದೆ.

ಕಾರ್ಡನ್ನು ಕತ್ತರಿಸಿದೆ. ಬಾಕಿ ತೀರಿಸೋಕೆ ಅವ್ವ ತನ್ನ ಬಳೆ ಬಿಚ್ಚಿಕೊಟ್ಟಳು. ಸಹಕಾರ ಸಂಘವೊಂದರಲ್ಲಿ ಶೇ. 11ಕ್ಕೆ ಅಡವಿಟ್ಟು 1,40,000 ತಂದು ಕಾರ್ಡಿನ ಲೆಕ್ಕ ಮುಗಿಸಿದೆವು. ತಿಂಗಳ ಬಡ್ಡಿ 5,782ರಿಂದ 1,283ಕ್ಕೆ ಇಳಿಯಿತು. ಲೆಕ್ಕದಲ್ಲಿ ಇದು ಸರಿಯಾದ ಹೆಜ್ಜೆಯೇ. ಆದರೂ ಎಲ್ಲರಿಗೂ ಹೇಳೋ ಧೈರ್ಯ ನನಗಿಲ್ಲ. ಕಾರ್ಡಿನ ಸಾಲಕ್ಕೆ ಅಡಮಾನ ಇಲ್ಲ, ಚಿನ್ನದ ಸಾಲಕ್ಕಿದೆ. ಕಟ್ಟದಿದ್ದರೆ ಬಳೆ ಹರಾಜಿಗೆ ಹೋಗುತ್ತದೆ. ಹಳೇ ಕಾರ್ಡು ಮತ್ತೆ ಉಜ್ಜುವ ಕೈ ಇದ್ದರಂತೂ ಎರಡೂ ಹೋಯಿತು.

ಉಳಿದ ದುಡ್ಡನ್ನು ಫೈನಾನ್ಸಿನ ಸಾಲಕ್ಕೆ ಹಾಕಿದೆವು. ಶೇ. 14ರ ಪರ್ಸನಲ್ ಲೋನನ್ನು ಅದರ ಪಾಡಿಗೆ ಬಿಟ್ಟೆವು. ಗೆಳೆಯನಿಗೆ ಫೋನ್ ಮಾಡಿ ತಿಂಗಳಿಗೆ ಎರಡೇ ಸಾವಿರ ಕೊಡೋಕಾಗೋದು ಅಂದೆ. "ಇಷ್ಟು ಹೇಳೋಕೆ ಒಂದು ವರ್ಷ ಬೇಕಾಯ್ತೇನೋ?" ಅಂದ.

ಬಾಗಿಲಿಗೆ ಬಂದವನ ಮುಂದೆ ಕಾನೂನು

ಕಂತು ಕಟ್ಟಲಾಗದಿರುವುದು ಅಪರಾಧವಲ್ಲ, ಸಿವಿಲ್ ವ್ಯಾಜ್ಯ. 'ಪೊಲೀಸರು ಬರ್ತಾರೆ' ಅನ್ನೋ ಫೋನು ಬಹುಮಟ್ಟಿಗೆ ಬೆದರಿಕೆ. ಆದರೆ ಒಂದು ಎಚ್ಚರ: ನೀವು ಕೊಟ್ಟ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಸೆಕ್ಷನ್ 138, ಖಾತೆಯಿಂದ ತಾನಾಗೇ ಕಡಿತವಾಗುವ ಇಎಂಐ ಬೌನ್ಸ್ ಆದರೆ 2007ರ ಪೇಮೆಂಟ್ ಅಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ ಸೆಕ್ಷನ್ 25ರ ಅಡಿ ಕ್ರಿಮಿನಲ್ ಕೇಸ್ ಹಾಕಬಹುದು. ಲೀಗಲ್ ನೋಟಿಸ್ ಬಂದರೆ ಕವರ್ ಒಡೆಯದೆ ಅಟ್ಟದ ಮೇಲೆ ಇಡಬೇಡಿ.

ಮೈಕ್ರೋಫೈನಾನ್ಸ್ ಬಗ್ಗೆ ಆರ್‌ಬಿಐನ 2022ರ ನಿಯಮ ಸ್ಪಷ್ಟವಾಗಿದೆ. ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವೇ ಮೈಕ್ರೋಫೈನಾನ್ಸ್. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಆದಾಯದ ಅರ್ಧ ದಾಟುವಂತಿಲ್ಲ. ವಸೂಲಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಗೊತ್ತುಮಾಡಿದ ಜಾಗಕ್ಕೆ ಸಾಲಗಾರರು ಸತತ ಎರಡು ಸಲ ಬರದಿದ್ದರೆ ಮಾತ್ರ ಮನೆಗೆ ಹೋಗಬಹುದು. ಬೈಯುವಂತಿಲ್ಲ, ನೆಂಟರಿಗೆ ಕಿರುಕುಳ ಕೊಡುವಂತಿಲ್ಲ. ಅವಧಿಗೆ ಮುಂಚೆ ತೀರಿಸಿದರೆ ದಂಡ ಇಲ್ಲ. ನನಗೆ ಆದದ್ದನ್ನು ತಡೆಯುವ ಡಿಜಿಟಲ್ ಸಾಲದ ಮಾರ್ಗಸೂಚಿಯೂ 2022ರ ಸೆಪ್ಟೆಂಬರ್‌ನಲ್ಲೇ ಬಂತು: ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಫೋಟೋಗಳನ್ನು ಮುಟ್ಟುವಂತಿಲ್ಲ.

ಮುರಿದರೆ ಏನು ಮಾಡೋದು? ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಸಮಾಧಾನ ಆಗದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಸಿಎಂಎಸ್ ಪೋರ್ಟಲ್ ಮೂಲಕ ದೂರು ಹಾಕಬಹುದು, ಶುಲ್ಕ ಇಲ್ಲ. ಸಹಾಯವಾಣಿ 14448. ನೋಂದಣಿಯೇ ಇಲ್ಲದ ಆ್ಯಪ್ ಆದರೆ ಸೈಬರ್ ಅಪರಾಧದ 1930.

ಇನ್ನು ನಮ್ಮ ರಾಜ್ಯದ ಕಾನೂನು. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ಮುಖ್ಯಮಂತ್ರಿಗೆ ತಾಳಿ ಪೋಸ್ಟ್ ಮಾಡಿ ಪ್ರತಿಭಟಿಸಿದರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು, ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದರು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಊರಲ್ಲಿ ಇದನ್ನು 'ಸಂಘದ ಸಾಲ ಮನ್ನಾ' ಅಂತಲೇ ಕೇಳಿಸಿಕೊಂಡರು. ಹಾಗಲ್ಲ. ಅದರಲ್ಲಿ ತೀರಿದೆ ಅಂತ ಪರಿಗಣಿಸುವುದು ನೋಂದಣಿ, ಲೈಸೆನ್ಸ್ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲವನ್ನು ಮಾತ್ರ. ಆರ್‌ಬಿಐ ನೋಂದಣಿ ಇರುವ ಕಂಪನಿಯ ಸಾಲ ಹಾಗೇ ಇರುತ್ತದೆ. ಸ್ತ್ರೀಶಕ್ತಿ ಗುಂಪಿಗೂ ಮೈಕ್ರೋಫೈನಾನ್ಸ್ ಗುಂಪಿಗೂ ಜನ 'ಸಂಘ' ಅಂತಲೇ ಕರೆಯೋದರಿಂದ ಗೊಂದಲ ಇನ್ನೂ ಹೆಚ್ಚು. ಕಂತು ನಿಲ್ಲಿಸುವ ಮುಂಚೆ ಸಾಲದ ಕಾರ್ಡಿನಲ್ಲಿ ಯಾರ ಹೆಸರಿದೆ ನೋಡಿ.

ತಾಳಿಯ ವಿಷಯಕ್ಕೆ ಬಂದರೆ, ಕೋರ್ಟು ಡಿಕ್ರಿ ಕೊಟ್ಟರೂ ಎಲ್ಲವನ್ನೂ ಜಪ್ತಿ ಮಾಡಲಾಗದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 60 ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ರೈತನ ಉಪಕರಣ, ಧಾರ್ಮಿಕ ಪದ್ಧತಿಯಂತೆ ಹೆಣ್ಣು ಬಿಚ್ಚಿಡಲಾಗದ ಒಡವೆ ಇವನ್ನೆಲ್ಲ ರಕ್ಷಿಸುತ್ತದೆ. ಇದು 1908ರ ಕಾನೂನು. ಬ್ರಿಟಿಷರ ಕಾಲದ ಕೋರ್ಟು ಮುಟ್ಟದ ಪಾತ್ರೆಯನ್ನು ಈ ಕಾಲದ ವಸೂಲಿ ಏಜೆಂಟು ಬೀದಿಗೆ ಎಸೆಯುತ್ತಾನೆ.

ಕಂಪನಿಗಳ ಕಥೆ ಬೇರೆ. 2016ರ ದಿವಾಳಿ ಸಂಹಿತೆ ಅದೇ ಡಿಸೆಂಬರ್‌ನಿಂದ ಅವುಗಳಿಗೆ ಜಾರಿಯಾಯಿತು. ಸಾಲದ ಒಂದು ಭಾಗ ಬಿಟ್ಟುಕೊಟ್ಟು ಹೊಸ ಮಾಲೀಕರೊಂದಿಗೆ ವ್ಯವಹಾರ ಮುಂದುವರಿಸುವ ದಾರಿ ಅಲ್ಲಿದೆ, ಅದಕ್ಕೆ ಯಾರೂ ಮರ್ಯಾದೆ ಹೋಯಿತು ಅನ್ನುವುದಿಲ್ಲ. ಅದೇ ಸಂಹಿತೆಯಲ್ಲಿ ವ್ಯಕ್ತಿಗಳಿಗೂ 'ಫ್ರೆಶ್ ಸ್ಟಾರ್ಟ್' ಅನ್ನೋ ಅಧ್ಯಾಯವಿದೆ: ವರ್ಷದ ಆದಾಯ 60,000, ಆಸ್ತಿ 20,000, ಸಾಲ 35,000 ಮೀರದ, ಸ್ವಂತ ಮನೆಯಿಲ್ಲದ ಬಡವರ ಸಾಲ ಅಳಿಸಲು. ಮಿತಿಗಳೇ ನಗು ತರಿಸುವಷ್ಟು ಸಣ್ಣವು. ಅದೂ ಜಾರಿಯಾಗಿಲ್ಲ. ವ್ಯಕ್ತಿಗಳ ಭಾಗದಲ್ಲಿ 2019ರಲ್ಲಿ ಜಾರಿಗೆ ಬಂದದ್ದು ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಸಂಬಂಧಿಸಿದ್ದು ಮಾತ್ರ. ಚುನಾವಣೆ ಹತ್ತಿರ ಬಂದಾಗ ಸಾಲಮನ್ನಾ ಕೇಳುವ ನಾವು ಇದನ್ನು ಯಾಕೆ ಕೇಳುತ್ತಿಲ್ಲ?

ಮತ್ತೆ ಕಟ್ಟೋದು

ಸಾಲ ಇರುವಾಗಲೇ 10,000 ರೂಪಾಯಿ ಬೇರೆ ಖಾತೆಯಲ್ಲಿ ಇಡೋಣ ಅಂದಾಗ ಅವ್ವ ನಕ್ಕಳು. "ಸಾಲ ಮಡಿಕಂಡು ಗಂಟು ಮಾಡ್ತನಂತೆ!" ಆದರೆ ಮಳೆಗಾಲದಲ್ಲಿ ಹೆಂಚು ಹಾರಿದಾಗ ಹೊಸ ಸಾಲ ಹುಟ್ಟದಂತೆ ತಡೆದದ್ದು ಆ ಹತ್ತು ಸಾವಿರವೇ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ 5 ಲಕ್ಷದ ರಕ್ಷಣೆಯನ್ನು ಆಸ್ಪತ್ರೆಗೆ ಓಡುವ ದಿನಕ್ಕಿಂತ ಮುಂಚೆಯೇ ವಿಚಾರಿಸಿಟ್ಟುಕೊಳ್ಳಿ.

ಬ್ಯಾಂಕಿನವರು 'ಸೆಟಲ್‌ಮೆಂಟ್' ಅಂದಾಗ ಹಿಗ್ಗಬೇಡಿ. ಕಡಿಮೆಗೆ ಒಪ್ಪಿಕೊಂಡರೆ ಕ್ರೆಡಿಟ್ ವರದಿಯಲ್ಲಿ 'ಸೆಟಲ್ಡ್' ಅಂತ ಬೀಳುತ್ತದೆ, 'ಕ್ಲೋಸ್ಡ್' ಅಂತಲ್ಲ. ಮುಂದೆ ಸಾಲ ಕೊಡುವವರು ಅದನ್ನು ನೋಡುತ್ತಾರೆ. ಬೇರೆ ದಾರಿಯೇ ಇಲ್ಲದಿದ್ದರೆ ಮಾಡಿ, ಆದರೆ ಬರಹದಲ್ಲಿ ಪಡೆದು ಆಮೇಲೆ ದುಡ್ಡು ಕಟ್ಟಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ತಪ್ಪಿದ್ದರೆ ದೂರು ಕೊಡಿ, 30 ದಿನದಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮ್ಮ ಹಕ್ಕು. ನನ್ನ ವರದಿಯಲ್ಲಿ ತೀರಿಸಿದ ಕಾರ್ಡು ಏಳು ತಿಂಗಳಾದರೂ ಬಾಕಿ ಅಂತಲೇ ಇತ್ತು. ನೋ ಡ್ಯೂ ಪತ್ರ ಇದ್ದದ್ದಕ್ಕೆ ಸರಿಹೋಯಿತು.

ಅವ್ವನ ಸಂಘದ ಕೊನೆಯ ಕಂತು ಕಟ್ಟಿದ ದಿನ ನಾನೂ ಊರಲ್ಲಿದ್ದೆ. 2021ರಲ್ಲಿ ಅವಳ ಪಾಲು ತುಂಬಿದ್ದ ಹೆಣ್ಣುಮಕ್ಕಳು ಅಲ್ಲೇ ಜಗುಲಿ ಮೇಲೆ ಕೂತಿದ್ದರು. ಆ ದುಡ್ಡು ಯಾವಾಗಲೋ ವಾಪಸ್ ಆಗಿತ್ತು. ಆದರೂ ಅವರಲ್ಲೊಬ್ಬರು ಕಾರ್ಡಿನಲ್ಲಿ ಸಹಿ ಬಿದ್ದಿದೆಯಾ ಅಂತ ನನ್ನ ಕೈಯಲ್ಲಿ ಎರಡು ಸಲ ಓದಿಸಿದರು. ಬಳೆ ಬಿಡಿಸೋಕೆ ಇನ್ನೂ 32,000 ಬಾಕಿ ಇದೆ.